ಮಾತ್ರೆ ಬಿಡುವುದಕ್ಕೂ ಒಂದು ಕ್ರಮವಿದೆ

ಸಕ್ಕರೆ ಕಾಯಿಲೆ, ಬಿಪಿ, ಥೈರಾಯ್ಡ್‌ಗೆ ಮಾತ್ರೆ ತೆಗೆದುಕೊಳ್ಳುವವರು ನಮ್ಮ ಸ್ಟಾಫ್ ರೂಮಿನಲ್ಲೇ ಹಲವರಿದ್ದಾರೆ. ಊಟದ ಡಬ್ಬಿಯ ಪಕ್ಕದಲ್ಲೇ ಮಾತ್ರೆಯ ಸ್ಟ್ರಿಪ್ ಇಟ್ಟುಕೊಳ್ಳುತ್ತಾರೆ, ಯಾರೂ ಮುಚ್ಚಿಡುವುದಿಲ್ಲ. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಅದನ್ನು ಬ್ಯಾಗಿನ ಒಳಜೇಬಿನಲ್ಲೋ, ಜಾಮಿಟ್ರಿ ಬಾಕ್ಸಿನಲ್ಲೋ ಅಡಗಿಸುತ್ತಾರೆ. ಹೀಗೆ ಕದ್ದು ತೆಗೆದುಕೊಂಡ ಮಾತ್ರೆಯನ್ನು ಬಿಡುವುದೂ ಕದ್ದೇ, ವೈದ್ಯರಿಗೂ ಹೇಳದೆ, ಒಂದೇ ದಿನದಲ್ಲಿ. ಈ ಬಿಡುವ ವಿಷಯವನ್ನೇ ಇಂದು ಬರೆಯಬೇಕೆಂದಿದ್ದೇನೆ. ಖಿನ್ನತೆ ಬಂದರೆ ವೈದ್ಯರ ಬಳಿ ಹೋಗಿ ಎಂದು ಹೇಳುವವರು ಈಗ ಸಾಕಷ್ಟು ಜನ ಇದ್ದಾರೆ. ವಾಸಿಯಾದ ಮೇಲೆ ಮಾತ್ರೆಯನ್ನು ಹೇಗೆ ಬಿಡಬೇಕು ಎಂದು ಹೇಳುವವರು ಬಹಳ ಕಡಿಮೆ.

ನಾನು ಎರಡು ವರ್ಷ ಎಸ್ಸಿಟಾಲೋಪ್ರಾಮ್ ಎಂಬ ಮಾತ್ರೆ ತೆಗೆದುಕೊಂಡೆ. ಆಮೇಲೆ ಎಂಟು ತಿಂಗಳು ಹಿಡಿದು ಅದನ್ನು ಬಿಟ್ಟೆ. ಈ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಲೇ ಇದೆಲ್ಲ ನಡೆಯಿತು. ಇದನ್ನು ಹೆಸರು ಹಾಕಿ ಬರೆಯಬೇಡಿ, ಹುಡುಗರು ಆಡಿಕೊಳ್ಳುತ್ತಾರೆ ಎಂದು ಹಿತೈಷಿಗಳೊಬ್ಬರು ಹೇಳಿದರು. ಹುಡುಗರ ಮೇಲೆ ನನಗೆ ಅದಕ್ಕಿಂತ ಹೆಚ್ಚು ನಂಬಿಕೆ ಇದೆ. ಜೊತೆಗೆ, ನಮ್ಮ ಬೆಂಚುಗಳಲ್ಲೇ ಇಂಥ ಮಾತ್ರೆ ತೆಗೆದುಕೊಳ್ಳುವವರು ಕೂತಿದ್ದಾರೆಂಬುದು ನನಗೆ ಗೊತ್ತು. ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು. ನಮ್ಮ ಕಾಲೇಜು ಈ ದೇಶದ ಹೊರಗೆ ಇಲ್ಲವಲ್ಲ.

ಹೋದ ವರ್ಷದ ಒಂದು ಘಟನೆಯಿಂದಲೇ ಈ ಲೇಖನ ಬರೆಯಲು ಮನಸ್ಸಾಯಿತು. ಗುರುತು ಸಿಗದಂತೆ ಹೇಳುತ್ತೇನೆ. ಒಬ್ಬ ವಿದ್ಯಾರ್ಥಿನಿ ಒಂದು ವರ್ಷದಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದಳು, ಚೆನ್ನಾಗಿ ಓದುತ್ತಲೂ ಇದ್ದಳು. ಹಾಸ್ಟೆಲ್ಲಿನಲ್ಲಿ ಯಾರೋ ಸ್ಟ್ರಿಪ್ ನೋಡಿ, ಅದರ ಹೆಸರನ್ನು ಮೊಬೈಲಿನಲ್ಲಿ ಹುಡುಕಿ, ಇಡೀ ರೂಮಿಗೆ ಸಾರಿದರು. ಆ ರಾತ್ರಿಯೇ ಅವಳು ಮಾತ್ರೆ ನಿಲ್ಲಿಸಿದಳು. ಮೂರನೆಯ ದಿನ ತಲೆ ಸುತ್ತು, ವಾಕರಿಕೆ, ಕಾರಣವಿಲ್ಲದ ಅಳು. ತಲೆಯೊಳಗೆ ಕರೆಂಟ್ ಹೊಡೆದಂತಾಗುತ್ತದೆ ಎಂದಾಗ ರೂಮಿನವರು ಹೆದರಿದರು. ಮನೆಗೆ ಕರೆದುಕೊಂಡು ಹೋದರು. ಮನೆಯಲ್ಲಿ ನಜರ್ ತಾಗಿದೆ ಎಂದರು, ತಾಯತ ಕಟ್ಟಿಸಿದರು. ಹುಡುಗಿ ಮಾತ್ರ ತನಗೆ ಹುಚ್ಚು ಹಿಡಿಯುತ್ತಿದೆ ಎಂದೇ ನಂಬಿದ್ದಳು. ಹತ್ತು ದಿನದ ಮೇಲೆ ಅವಳ ಅಣ್ಣ ಹಳೆಯ ಚೀಟಿ ಹಿಡಿದು ಅದೇ ವೈದ್ಯರ ಬಳಿಗೆ ಕರೆದೊಯ್ದ. ಮಾತ್ರೆ ಮತ್ತೆ ಶುರುವಾಯಿತು, ಕೆಲವೇ ದಿನಗಳಲ್ಲಿ ತಲೆಸುತ್ತು ನಿಂತಿತು. ಅವಳು ಪರೀಕ್ಷೆ ಬರೆದಳು, ಪಾಸಾದಳು. ಆದರೆ ಆ ಹತ್ತು ದಿನ ಆ ಮನೆ ಅನುಭವಿಸಿದ್ದು ಬೇಡವೇ ಬೇಡವಾಗಿತ್ತು. ಹಾಗೆ ಆಗುವ ಸಾಧ್ಯತೆ ಇದೆ ಎಂದು ಯಾರಾದರೂ ಒಂದು ಮಾತು ಮೊದಲೇ ಹೇಳಿದ್ದರೆ ಸಾಕಿತ್ತು.

ತಲೆಯೊಳಗೆ ಏನಾಗುತ್ತದೆ?

ಖಿನ್ನತೆಗೆ ಈಗ ಹೆಚ್ಚಾಗಿ ಕೊಡುವ ಮಾತ್ರೆಗಳು ಎಸ್‌ಎಸ್‌ಆರ್‌ಐ ಎಂಬ ಗುಂಪಿಗೆ ಸೇರಿದವು. ಫ್ಲುಯೊಕ್ಸೆಟಿನ್, ಸರ್ಟ್ರಾಲಿನ್, ಎಸ್ಸಿಟಾಲೋಪ್ರಾಮ್, ಪ್ಯಾರೊಕ್ಸೆಟಿನ್ ಇವೆಲ್ಲ ಅದೇ ಗುಂಪಿನವು. ಮೆದುಳಿನ ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಸೆರೊಟೋನಿನ್ ಎಂಬ ರಾಸಾಯನಿಕವನ್ನು ಬಿಡುತ್ತವೆ. ಕೆಲಸ ಮುಗಿದ ಮೇಲೆ ಅದನ್ನು ವಾಪಸ್ ಒಳಗೆಳೆದುಕೊಳ್ಳಲು ಕೋಶದ ಗೋಡೆಯಲ್ಲಿ ಪಂಪಿನಂಥ ಪ್ರೋಟೀನುಗಳಿವೆ. ಮಾತ್ರೆ ಆ ಪಂಪುಗಳನ್ನು ತಡೆಯುತ್ತದೆ. ವಾರಗಳು, ತಿಂಗಳುಗಳು ಕಳೆದಂತೆ ಮೆದುಳು ಈ ಹೊಸ ಸ್ಥಿತಿಗೆ ತನ್ನನ್ನು ಹೊಂದಿಸಿಕೊಳ್ಳುತ್ತದೆ. ಹೀಗೆ ಹೊಂದಿಕೊಂಡ ಮೆದುಳಿನಿಂದ ಔಷಧವನ್ನು ಒಮ್ಮೆಲೇ ತೆಗೆದರೆ, ಮರಳಿ ಹೊಂದಿಕೊಳ್ಳಲು ಅದಕ್ಕೆ ಸಮಯ ಸಾಲುವುದಿಲ್ಲ. ಆ ನಡುವಿನ ಅವಧಿಯ ಒದ್ದಾಟವೇ ತಲೆಸುತ್ತು, ವಾಕರಿಕೆ, ಬೆವರು, ನಿದ್ದೆಗೇಡು, ವಿಚಿತ್ರ ಕನಸು, ಸಿಡುಕು, ಆತಂಕ, ಕಣ್ಣು ಹೊರಳಿಸಿದಾಗ ತಲೆಯೊಳಗೆ ಸಣ್ಣ ವಿದ್ಯುತ್ ಹರಿದಂಥ ಅನುಭವ.

ಇದನ್ನು ಚಟ ಎಂದು ಕರೆಯುವುದು ತಪ್ಪು. ಚಟದಲ್ಲಿ ಇನ್ನಷ್ಟು ಬೇಕೆಂಬ ಹಪಹಪಿ ಇರುತ್ತದೆ, ಪ್ರಮಾಣ ಏರುತ್ತಲೇ ಹೋಗುತ್ತದೆ. ಈ ಮಾತ್ರೆಗಳಿಗಾಗಿ ಯಾರೂ ಹಾಗೆ ಹಾತೊರೆಯುವುದಿಲ್ಲ. ಆದರೆ ದೇಹ ಇವಕ್ಕೆ ಒಗ್ಗಿಕೊಳ್ಳುತ್ತದೆ ಎಂಬುದು ನಿಜ. ಒಗ್ಗಿದ್ದನ್ನು ತೆಗೆಯುವಾಗ ನಿಧಾನ ಬೇಕು.

ಎಷ್ಟು ಜನರಿಗೆ ಹೀಗಾಗುತ್ತದೆ? 2024ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆಯಲ್ಲಿ 79 ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ಲೆಕ್ಕ ಬಂತು. ಮಾತ್ರೆ ನಿಲ್ಲಿಸಿದವರಲ್ಲಿ ಸುಮಾರು ಶೇ. 31 ಮಂದಿಗೆ ಏನಾದರೊಂದು ತೊಂದರೆ ಕಾಣಿಸಿಕೊಂಡಿತ್ತು. ಔಷಧವೇ ಇಲ್ಲದ ಹುಸಿ ಮಾತ್ರೆ ನಿಲ್ಲಿಸಿದವರಲ್ಲೂ ಶೇ. 17 ಮಂದಿ ಅಂಥದೇ ತೊಂದರೆ ಹೇಳಿಕೊಂಡಿದ್ದರು. ಅಂದರೆ ಔಷಧ ನಿಂತದ್ದರಿಂದಲೇ ಆದ ತೊಂದರೆ ಆರೇಳು ಮಂದಿಯಲ್ಲಿ ಒಬ್ಬರಿಗೆ. ತೀವ್ರ ತೊಂದರೆ ಸುಮಾರು 35 ಮಂದಿಯಲ್ಲಿ ಒಬ್ಬರಿಗೆ. ಈ ಅಧ್ಯಯನಗಳಲ್ಲಿ ಬಹಳಷ್ಟು ಕೆಲವೇ ತಿಂಗಳು ಮಾತ್ರೆ ತೆಗೆದುಕೊಂಡವರ ಮೇಲೆ ನಡೆದವು, ವರ್ಷಗಟ್ಟಲೆ ತೆಗೆದುಕೊಂಡವರ ಕಥೆ ಬೇರೆ ಎಂಬ ಟೀಕೆಯೂ ಇದೆ, ಅದರಲ್ಲಿ ಹುರುಳಿದೆ. ಈ ಲೆಕ್ಕದಿಂದ ನನಗೆ ತಿಳಿದದ್ದು ಎರಡು. ಬಹಳ ಮಂದಿ ಹೆಚ್ಚು ಕಷ್ಟವಿಲ್ಲದೆ ಮಾತ್ರೆ ಬಿಡುತ್ತಾರೆ, ಆದ್ದರಿಂದ ಸುಮ್ಮನೆ ಹೆದರಬೇಕಿಲ್ಲ. ಕಷ್ಟಪಡುವವರೂ ಇದ್ದಾರೆ, ಅವರ ಮಾತನ್ನು ನಾಟಕ ಎಂದು ತಳ್ಳಿಹಾಕುವಂತಿಲ್ಲ.

ವೈದ್ಯಲೋಕವೂ ಈ ವಿಷಯದಲ್ಲಿ ತನ್ನ ಮಾತನ್ನು ತಿದ್ದಿಕೊಂಡಿದೆ. ಈ ತೊಂದರೆಗಳು ಸಾಮಾನ್ಯವಾಗಿ ಸೌಮ್ಯ, ವಾರ ಎರಡು ವಾರದಲ್ಲಿ ತಾವಾಗಿಯೇ ಹೋಗುತ್ತವೆ ಎಂದೇ ಬಹುಕಾಲ ಹೇಳಲಾಗುತ್ತಿತ್ತು. 2019ರಲ್ಲಿ ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಸೈಕಿಯಾಟ್ರಿಸ್ಟ್ಸ್, ಕೆಲವರಲ್ಲಿ ಇವು ತೀವ್ರವಾಗಿ, ಹೆಚ್ಚು ಕಾಲ ಇರುತ್ತವೆ ಎಂದು ಒಪ್ಪಿಕೊಂಡಿತು. ರೋಗಿಗಳು ವರ್ಷಗಳಿಂದ ಹೇಳುತ್ತಿದ್ದುದನ್ನು ಕೊನೆಗೂ ಕಿವಿಗೆ ಹಾಕಿಕೊಂಡದ್ದು ಒಳ್ಳೆಯದೇ.

ನಮ್ಮ ಪಠ್ಯದಲ್ಲೇ ಇರುವ ಉತ್ತರ

ಸೈನ್ಸ್ ವಿದ್ಯಾರ್ಥಿಗಳು ಸೆಕೆಂಡ್ ಪಿಯುಸಿಯ ಕೆಮಿಕಲ್ ಕೈನೆಟಿಕ್ಸ್ ಪಾಠದಲ್ಲಿ ಹಾಫ್ ಲೈಫ್ ಓದುತ್ತೀರಿ. ಪರೀಕ್ಷೆಯಲ್ಲಿ ಲೆಕ್ಕ ಮಾಡಿ ಮರೆತುಬಿಡುತ್ತೀರಿ. ಅದೇ ಲೆಕ್ಕ ಇಲ್ಲಿ ಮನುಷ್ಯರ ದೇಹದಲ್ಲಿ ನಡೆಯುತ್ತದೆ. ಒಂದು ಹಾಫ್ ಲೈಫ್ ಕಳೆದರೆ ರಕ್ತದಲ್ಲಿರುವ ಔಷಧ ಅರ್ಧವಾಗುತ್ತದೆ, ಐದು ಕಳೆದರೆ ಶೇ. 3ರಷ್ಟು ಮಾತ್ರ ಉಳಿಯುತ್ತದೆ. ಎಸ್ಸಿಟಾಲೋಪ್ರಾಮ್‌ನ ಹಾಫ್ ಲೈಫ್ ಸುಮಾರು 30 ಗಂಟೆ, ಹಾಗಾಗಿ ಒಂದು ವಾರದೊಳಗೆ ಅದು ದೇಹದಿಂದ ಹೆಚ್ಚುಕಡಿಮೆ ಖಾಲಿ. ಪ್ಯಾರೊಕ್ಸೆಟಿನ್‌ದು ಸುಮಾರು 21 ಗಂಟೆ. ಬೇರೆ ಗುಂಪಿನ ವೆನ್ಲಾಫ್ಯಾಕ್ಸಿನ್‌ದು ಕೇವಲ 5 ಗಂಟೆ. ಫ್ಲುಯೊಕ್ಸೆಟಿನ್ ಮಾತ್ರ ದಿನಗಟ್ಟಲೆ ನಿಲ್ಲುತ್ತದೆ, ಅದು ಒಡೆದು ಆಗುವ ವಸ್ತುವೂ ವಾರಗಟ್ಟಲೆ ಕೆಲಸ ಮಾಡುತ್ತಿರುತ್ತದೆ. ಹಾಗಾಗಿ ಫ್ಲುಯೊಕ್ಸೆಟಿನ್ ಬಿಟ್ಟವರಿಗೆ ತೊಂದರೆ ಸಾಮಾನ್ಯವಾಗಿ ಕಡಿಮೆ, ಬಂದರೂ ತಡವಾಗಿ ಬರುತ್ತದೆ. ವೆನ್ಲಾಫ್ಯಾಕ್ಸಿನ್ ತೆಗೆದುಕೊಳ್ಳುವವರಿಗೆ ಒಂದೇ ದಿನದ ಮಾತ್ರೆ ತಪ್ಪಿದರೂ ಗೊತ್ತಾಗುತ್ತದೆ. ‘ನನ್ನ ಗೆಳೆಯ ಒಂದೇ ದಿನಕ್ಕೆ ಬಿಟ್ಟ, ಅವನಿಗೇನೂ ಆಗಲಿಲ್ಲ’ ಎಂಬ ಮಾತು ಯಾಕೆ ನಂಬುವಂಥದ್ದಲ್ಲ ಎಂಬುದಕ್ಕೆ ಇಷ್ಟು ಸಾಕು. ಗೆಳೆಯನ ಮಾತ್ರೆ ಬೇರೆ, ನಿಮ್ಮ ಮಾತ್ರೆ ಬೇರೆ.

ಇನ್ನೊಂದು ಲೆಕ್ಕ ಇದಕ್ಕಿಂತಲೂ ಮುಖ್ಯ. ಪ್ರಮಾಣ ಅರ್ಧ ಮಾಡಿದರೆ ಪರಿಣಾಮವೂ ಅರ್ಧವಾಗುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಅದು ಹಾಗಿಲ್ಲ. 2019ರಲ್ಲಿ ಮಾರ್ಕ್ ಹೊರೊವಿಟ್ಜ್ ಮತ್ತು ಡೇವಿಡ್ ಟೇಲರ್ ಎಂಬಿಬ್ಬರು ಲ್ಯಾನ್ಸೆಟ್ ಸೈಕಿಯಾಟ್ರಿಯಲ್ಲಿ ಒಂದು ಲೇಖನ ಬರೆದು ಇದನ್ನು ಬಿಡಿಸಿ ಹೇಳಿದರು. ಸಿಟಾಲೋಪ್ರಾಮ್ 60 ಮಿಲಿಗ್ರಾಂ ತೆಗೆದುಕೊಂಡರೆ ಮೆದುಳಿನ ಆ ಪಂಪುಗಳಲ್ಲಿ ಸುಮಾರು ಶೇ. 88 ತಡೆಯಲ್ಪಡುತ್ತವೆ. 20 ಮಿಲಿಗ್ರಾಂಗೆ ಇಳಿಸಿದರೂ ಸುಮಾರು ಶೇ. 80 ತಡೆದೇ ಇರುತ್ತವೆ. ಮೂರರಲ್ಲಿ ಎರಡು ಪಾಲು ಔಷಧ ತೆಗೆದರೂ ಬದಲಾದದ್ದು ಏಳೆಂಟು ಅಂಕ ಮಾತ್ರ. ಆದರೆ ಬರೀ 3.4 ಮಿಲಿಗ್ರಾಂನಲ್ಲೂ ಪಂಪುಗಳಲ್ಲಿ ಅರ್ಧದಷ್ಟು ತಡೆದಿರುತ್ತವೆ. ಅಲ್ಲಿಂದ ಸೊನ್ನೆಗೆ ಹೋದರೆ ಒಂದೇ ಏಟಿಗೆ ಶೇ. 50 ಕುಸಿತ. ಗ್ರಾಫ್ ಬರೆದು ನೋಡಿ, ಹೈಪರ್‌ಬೋಲಾ ಬರುತ್ತದೆ. ಕಾಮರ್ಸ್ ಮತ್ತು ಆರ್ಟ್ಸ್ ವಿದ್ಯಾರ್ಥಿಗಳು ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮವನ್ನು ನೆನಪಿಸಿಕೊಳ್ಳಿ. ಮೊದಲ ರೊಟ್ಟಿ ಕೊಡುವ ತೃಪ್ತಿ ಆರನೆಯ ರೊಟ್ಟಿ ಕೊಡುವುದಿಲ್ಲ. ಹಾಗೆಯೇ ಮೊದಲ ಕೆಲವು ಮಿಲಿಗ್ರಾಂಗಳೇ ಹೆಚ್ಚು ಕೆಲಸ ಮಾಡುತ್ತವೆ. ಬಿಡುವಾಗ ಕೊನೆಗೆ ತೆಗೆಯುವುದು ಆ ಮೊದಲ ರೊಟ್ಟಿಯನ್ನೇ.

ಆದ್ದರಿಂದ ಆರಂಭದ ಇಳಿಕೆ ಸುಲಭವಾಯಿತೆಂದು ಕೊನೆಯಲ್ಲಿ ಅವಸರ ಮಾಡಬಾರದು. ಇಳಿದಷ್ಟೂ ಮೆಟ್ಟಿಲು ಸಣ್ಣದಾಗಬೇಕು, ಪ್ರತಿ ಮೆಟ್ಟಿಲಲ್ಲೂ ಸಾಕಷ್ಟು ದಿನ ನಿಲ್ಲಬೇಕು.

ನನಗೆ ವೈದ್ಯರು ಹಾಕಿಕೊಟ್ಟ ಲೆಕ್ಕ ಹೀಗಿತ್ತು. 10 ಮಿಲಿಗ್ರಾಂನಿಂದ 7.5, ಅಲ್ಲಿಂದ 5, ಆಮೇಲೆ 2.5, ಆಮೇಲೆ 5ರ ಮಾತ್ರೆಯ ಕಾಲು ಭಾಗ, ಆಮೇಲೆ ಸೊನ್ನೆ. ಪ್ರತಿ ಮೆಟ್ಟಿಲಲ್ಲಿ ಐದಾರು ವಾರ. ಇದು ನನ್ನ ಚೀಟಿ. ಇದನ್ನು ನೋಡಿ ಯಾರೂ ತಮಗೆ ಅನ್ವಯಿಸಿಕೊಳ್ಳಬಾರದು. ಕ್ಯಾಪ್ಸೂಲುಗಳನ್ನು, ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಗಳನ್ನು ಕತ್ತರಿಸಲೇಬಾರದು. ದಿನ ಬಿಟ್ಟು ದಿನ ತೆಗೆದುಕೊಂಡರಾಯಿತು ಎಂಬ ಉಪಾಯವೂ ಬೇಗ ಖಾಲಿಯಾಗುವ ಔಷಧಗಳಿಗೆ ಒಗ್ಗದು, ರಕ್ತದಲ್ಲಿ ಅದರ ಮಟ್ಟ ಏರಿಳಿಯುತ್ತಲೇ ಇರುತ್ತದೆ. ಎಷ್ಟು, ಹೇಗೆ, ಎಷ್ಟು ದಿನ ಎಂಬುದನ್ನು ವೈದ್ಯರೇ ಹೇಳಬೇಕು. ಮುಂದಿನ ಭೇಟಿಯಲ್ಲಿ ಅವರನ್ನು ಕೇಳುವ ಧೈರ್ಯ ನಿಮಗಿರಬೇಕು.

ಮೊದಲ ಎರಡು ಮೆಟ್ಟಿಲು ನನಗೆ ಗೊತ್ತೇ ಆಗಲಿಲ್ಲ. 2.5ಕ್ಕೆ ಬಂದ ಮೂರನೆಯ ದಿನ, ಬೋರ್ಡಿನಿಂದ ತರಗತಿಯ ಕಡೆಗೆ ತಿರುಗುವಾಗ ತಲೆಯೊಳಗೆ ಜುಮ್ಮೆಂದಿತು. ರಾತ್ರಿ ಕನಸುಗಳು ಎಷ್ಟು ಸ್ಪಷ್ಟವಾಗಿದ್ದವೆಂದರೆ ಬೆಳಿಗ್ಗೆ ಎದ್ದು ಅದು ನಡೆದದ್ದೋ ಕಂಡದ್ದೋ ಎಂದು ಅಮ್ಮಿಯನ್ನು ಕೇಳುವಂತಾಗುತ್ತಿತ್ತು. ಸಣ್ಣ ವಿಷಯಕ್ಕೂ ಕಣ್ಣು ತುಂಬುತ್ತಿತ್ತು. ಹೀಗಾಗಬಹುದು ಎಂದು ವೈದ್ಯರು ಮೊದಲೇ ಹೇಳಿದ್ದರಿಂದ ನಾನು ಗಾಬರಿಯಾಗಲಿಲ್ಲ. ಫೋನ್ ಮಾಡಿದೆ. ಅದೇ ಮೆಟ್ಟಿಲಲ್ಲಿ ಇನ್ನೆರಡು ವಾರ ನಿಲ್ಲಿ ಎಂದರು. ಮೂರನೆಯ ವಾರದ ಹೊತ್ತಿಗೆ ಎಲ್ಲ ಇಳಿಯಿತು. ದಿನವೂ ರಾತ್ರಿ ಒಂದು ಸಣ್ಣ ಡೈರಿಯಲ್ಲಿ ತಾರೀಕು, ಪ್ರಮಾಣ, ನಿದ್ದೆಯ ಗಂಟೆ, ಏನೇನು ತೊಂದರೆ ಎಂದು ನಾಲ್ಕು ಸಾಲು ಬರೆದಿಡುತ್ತಿದ್ದೆ. ವೈದ್ಯರ ಮುಂದೆ ಕೂತಾಗ ಬಾಯಿಮಾತಿಗಿಂತ ಆ ಡೈರಿಯೇ ಹೆಚ್ಚು ಉಪಯೋಗಕ್ಕೆ ಬಂತು. ಬೆಳಿಗ್ಗೆ ಅರ್ಧ ಗಂಟೆ ನಡಿಗೆ, ಸಂಜೆಯ ಮೇಲೆ ಟೀ ಬೇಡ, ಒಂದೇ ಹೊತ್ತಿಗೆ ಮಲಗುವುದು, ಇವೂ ಸಹಾಯ ಮಾಡಿದವು.

ಕಾಯಿಲೆ ವಾಪಸ್ ಬಂತೇ?

ಮಾತ್ರೆ ಕಡಿಮೆ ಮಾಡುವವರನ್ನು ಹೆಚ್ಚು ಕಾಡುವ ಪ್ರಶ್ನೆ ಇದು. ಅಳು ಬಂದರೆ, ನಿದ್ದೆ ಕೆಟ್ಟರೆ, ಖಿನ್ನತೆಯೇ ಮರಳಿತೆಂದು ಮನೆಯವರು ಹೇಳುತ್ತಾರೆ, ಇನ್ನು ಜೀವನಪೂರ್ತಿ ಮಾತ್ರೆಯೇ ಗತಿ ಎಂದು ನಾವೂ ಕೈಚೆಲ್ಲುತ್ತೇವೆ. ಎರಡಕ್ಕೂ ವ್ಯತ್ಯಾಸ ಇದೆ. ಮಾತ್ರೆ ಬಿಟ್ಟದ್ದರ ತೊಂದರೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಶುರುವಾಗುತ್ತದೆ. ತಲೆಸುತ್ತು, ಕರೆಂಟ್ ಹೊಡೆದಂತಾಗುವುದು ಹೀಗೆ ಹಿಂದೆ ಎಂದೂ ಇರದ ಲಕ್ಷಣಗಳು ಬರುತ್ತವೆ. ಹಿಂದಿನ ಪ್ರಮಾಣವನ್ನು ಮತ್ತೆ ಕೊಟ್ಟರೆ ಬೇಗ ಇಳಿಯುತ್ತವೆ. ಕಾಯಿಲೆ ಮರಳುವುದು ಹೆಚ್ಚಾಗಿ ನಿಧಾನ, ವಾರಗಳು ತಿಂಗಳುಗಳು ಕಳೆದ ಮೇಲೆ. ಹಳೆಯ ಲಕ್ಷಣಗಳೇ ಒಂದೊಂದಾಗಿ ಬರುತ್ತವೆ, ಯಾವುದರಲ್ಲೂ ಆಸಕ್ತಿ ಇಲ್ಲ, ಊಟ ಸೇರದು, ಬದುಕೇ ಭಾರ. ಕೆಲವರಲ್ಲಿ ಎರಡೂ ಬೆರೆತಿರುವುದುಂಟು. ಅದನ್ನು ಬೇರ್ಪಡಿಸಿ ನೋಡುವುದು ವೈದ್ಯರ ಕೆಲಸ, ನೆರೆಮನೆಯವರದಲ್ಲ.

ಕಾಯಿಲೆ ನಿಜವಾಗಿಯೂ ಮರಳುವ ಸಾಧ್ಯತೆಯನ್ನೂ ಮುಚ್ಚಿಡಬಾರದು. ಬ್ರಿಟನ್ನಿನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬಹುಕಾಲ ಮಾತ್ರೆ ತೆಗೆದುಕೊಂಡು, ಈಗ ಚೆನ್ನಾಗಿದ್ದೇವೆ, ಬಿಡಬಹುದು ಅನಿಸಿದವರನ್ನು ಎರಡು ಗುಂಪು ಮಾಡಿದರು. ಮಾತ್ರೆ ಮುಂದುವರಿಸಿದವರಲ್ಲಿ ಒಂದು ವರ್ಷದೊಳಗೆ ಶೇ. 39 ಮಂದಿಗೆ ಖಿನ್ನತೆ ಮರಳಿತು. ಕ್ರಮೇಣ ನಿಲ್ಲಿಸಿದವರಲ್ಲಿ ಶೇ. 56 ಮಂದಿಗೆ ಮರಳಿತು. ಮಾತ್ರೆಗೆ ಬೆಲೆ ಇದೆ ಎಂಬುದು ಇದರಿಂದ ಗೊತ್ತಾಗುತ್ತದೆ. ಬಿಟ್ಟವರಲ್ಲೂ ಶೇ. 44 ಮಂದಿ ವರ್ಷವಿಡೀ ಚೆನ್ನಾಗಿಯೇ ಇದ್ದರು ಎಂಬುದೂ ಗೊತ್ತಾಗುತ್ತದೆ. ಹಾಗಾಗಿ ‘ಬಿಟ್ಟುಬಿಡು, ಎಷ್ಟು ದಿನ ವಿಷ ತಿನ್ನುತ್ತೀಯಾ’ ಎನ್ನುವ ಬಂಧುಗಳ ಮಾತೂ ಸರಿಯಲ್ಲ, ‘ಒಮ್ಮೆ ಶುರು ಮಾಡಿದರೆ ಸಾಯುವವರೆಗೂ ಬಿಡುವಂತಿಲ್ಲ’ ಎಂದು ಹೆದರಿಸುವವರ ಮಾತೂ ಸರಿಯಲ್ಲ. ವಾಸಿಯಾದ ಮೇಲೂ ಕನಿಷ್ಠ ಆರು ತಿಂಗಳು ಮಾತ್ರೆ ಮುಂದುವರಿಸಿ ಎಂದು ವೈದ್ಯರು ಹೇಳುವುದಕ್ಕೆ ಕಾರಣ ಇದೇ. ಮತ್ತೆ ಮತ್ತೆ ಬಂದವರಿಗೆ ಇನ್ನೂ ಹೆಚ್ಚು ಕಾಲ ಬೇಕಾಗುತ್ತದೆ. ಬಿಡದೆ ಮುಂದುವರಿಸುವವರು ಸೋತವರಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರನ್ನು ಸೋತವರೆಂದು ನಾವು ಕರೆಯುವುದಿಲ್ಲವಲ್ಲ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ನಿದ್ದೆಗೆ, ಗಾಬರಿಗೆ ಕೊಡುವ ಆಲ್ಪ್ರಜೊಲಾಮ್, ಕ್ಲೊನಜೆಪಾಮ್‌ನಂಥ ಮಾತ್ರೆಗಳು ಬೇರೆಯೇ ಜಾತಿ. ಬಹುಕಾಲ ತೆಗೆದುಕೊಂಡು ಅವನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವೂ ಇದೆ. ಒಂದೇ ಚೀಟಿಯಲ್ಲಿ ಎರಡೂ ಬಗೆಯ ಮಾತ್ರೆಗಳು ಇರುವುದುಂಟು, ಯಾವುದು ಯಾವುದೆಂದು ಕೇಳಿ ತಿಳಿದುಕೊಳ್ಳಿ.

ಇಮಾನಿಗೂ ಮಾತ್ರೆಗೂ ಜಗಳವಿಲ್ಲ

ನಮ್ಮಲ್ಲಿ ಹಲವರು ಮಾತ್ರೆ ಬಿಡುವುದು ತಲೆಸುತ್ತು ತಾಳಲಾರದೆ ಅಲ್ಲ, ಒಂದು ಮಾತು ತಾಳಲಾರದೆ. ‘ಐದು ಹೊತ್ತು ನಮಾಜ್ ಮಾಡುವವರಿಗೆ ಇದೆಲ್ಲ ಯಾಕೆ ಬರಬೇಕು?’ ನನ್ನ ಖಾಲಾ ಒಬ್ಬರು ಪ್ರೀತಿಯಿಂದಲೇ ಹಾಗೆ ಹೇಳಿದ್ದರು. ಖಾಲಾಗೆ ಮಂಡಿನೋವಿದೆ, ಅದಕ್ಕೆ ಮಾತ್ರೆಯೂ ಇದೆ, ದುವಾವೂ ಇದೆ. ಮಂಡಿಗೆ ಒಪ್ಪಿದ್ದು ಮೆದುಳಿಗೆ ಯಾಕೆ ಒಪ್ಪಬಾರದು? ಒಂಬತ್ತನೆಯ ಶತಮಾನದಲ್ಲಿ ಬಲ್ಖ್ ಸೀಮೆಯಲ್ಲಿ ಹುಟ್ಟಿದ ಅಬೂ ಝೈದ್ ಅಲ್-ಬಲ್ಖೀ ಎಂಬ ವಿದ್ವಾಂಸರು ದೇಹ ಮತ್ತು ಮನಸ್ಸು ಎರಡರ ಆರೋಗ್ಯಕ್ಕೂ ಸೇರಿ ಒಂದೇ ಗ್ರಂಥ ಬರೆದರು. ಕಾರಣ ಗೊತ್ತಿರುವ ದುಃಖ ಬೇರೆ, ಕಾರಣವೇ ತಿಳಿಯದೆ ದೇಹದ ಒಳಗಿನಿಂದ ಬರುವ ದುಃಖ ಬೇರೆ, ಎರಡಕ್ಕೂ ಚಿಕಿತ್ಸೆ ಬೇರೆ ಎಂದು ಅವರು ಸಾವಿರ ವರ್ಷಗಳ ಹಿಂದೆಯೇ ವಿಂಗಡಿಸಿದ್ದರು. ನಮ್ಮ ಪರಂಪರೆಯಲ್ಲೇ ಇರುವ ಈ ಮಾತನ್ನು ನಾವು ಮರೆತಿದ್ದೇವೆ.

ರಂಜಾನ್ ತಿಂಗಳ ಬಗ್ಗೆಯೂ ಹೇಳಬೇಕು. ಸಹರಿಗೆ ಎಚ್ಚರವಾಗದೆ ಮಾತ್ರೆ ತಪ್ಪುವುದು, ರೋಜಾ ಇದ್ದೇನೆಂದು ತಿಂಗಳಿಡೀ ನಿಲ್ಲಿಸುವುದು, ಎರಡೂ ನಡೆಯುತ್ತವೆ. ದಿನಕ್ಕೊಂದು ಮಾತ್ರೆಯಾದರೆ ಅದನ್ನು ಇಫ್ತಾರ್ ನಂತರಕ್ಕೋ ಸಹರಿಗೋ ಹೊಂದಿಸಲು ವೈದ್ಯರು ಬಹುಮಟ್ಟಿಗೆ ದಾರಿ ತೋರಿಸುತ್ತಾರೆ. ರಂಜಾನಿಗೆ ಎರಡು ವಾರ ಮೊದಲೇ ಹೋಗಿ ಕೇಳಿ. ಕಾಯಿಲೆಯವರಿಗೆ ದೀನಿನಲ್ಲಿ ಇರುವ ರಿಯಾಯಿತಿಯ ಬಗ್ಗೆ ಸಂಶಯವಿದ್ದರೆ ತಿಳಿದ ಆಲಿಮರನ್ನು ಕೇಳಿ. ಇಬ್ಬರನ್ನೂ ಕೇಳದೆ ನೀವೇ ತೀರ್ಮಾನಿಸಬೇಡಿ.

ಕಾಲೇಜು ಏನು ಮಾಡಬೇಕು?

ಇಷ್ಟೆಲ್ಲ ಹೇಳಿ ಜವಾಬ್ದಾರಿಯನ್ನು ಹದಿನೇಳು ವರ್ಷದ ಮಕ್ಕಳ ಹೆಗಲಿಗೆ ಹೊರಿಸಿ ಸುಮ್ಮನಾಗುವುದು ನ್ಯಾಯವಲ್ಲ. ಆಡಳಿತ ಮಂಡಳಿಗೂ ನಮ್ಮ ಸಹೋದ್ಯೋಗಿಗಳಿಗೂ ನನ್ನ ಕೆಲವು ವಿನಂತಿಗಳಿವೆ.

ಮೊದಲನೆಯದು, ಕೌನ್ಸೆಲರ್. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಮಾರ್ಗಸೂಚಿ ಕೊಟ್ಟಿದೆ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಕನಿಷ್ಠ ಒಬ್ಬ ಅರ್ಹ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರು ಇರಬೇಕು ಎಂಬುದು ಅದರಲ್ಲಿ ಒಂದು. ನಾವು ನೂರನ್ನು ದಾಟಿ ಬಹಳ ಕಾಲವಾಯಿತು. ಕೌನ್ಸೆಲರ್ ಕೂರುವ ಕೋಣೆಯ ಬಾಗಿಲು ಆಫೀಸಿನ ಎದುರಿಗೆ ಇರಬಾರದು ಎಂಬುದು ನನ್ನ ಪುಟ್ಟ ಸೇರ್ಪಡೆ.

ಎರಡನೆಯದು, ಹಾಜರಾತಿ. ಶೇ. 75ರ ನಿಯಮ ನಮಗೆಲ್ಲ ಗೊತ್ತು. ಮನೋವೈದ್ಯರ ಚೀಟಿಯನ್ನು ಜ್ವರದ ಚೀಟಿಯಂತೆಯೇ, ಏನು ಎತ್ತ ಎಂದು ಕೌಂಟರಿನಲ್ಲಿ ಗಟ್ಟಿಯಾಗಿ ವಿಚಾರಿಸದೆ ಸ್ವೀಕರಿಸಬೇಕು.

ಮೂರನೆಯದು, ಹಾಸ್ಟೆಲ್. ಪ್ರತಿಯೊಬ್ಬರಿಗೂ ಬೀಗ ಹಾಕುವ ಒಂದು ಕಪಾಟು ಬೇಕು. ಇನ್ನೊಬ್ಬರ ಔಷಧವನ್ನು ನೋಡಿ ಊರಿಗೆಲ್ಲ ಹೇಳುವುದು ತಮಾಷೆಯಲ್ಲ, ಅದೊಂದು ಹಾನಿ ಎಂದು ವಾರ್ಡನ್‌ಗಳು ವರ್ಷದ ಮೊದಲ ದಿನವೇ ಹೇಳಬೇಕು.

ನಾಲ್ಕನೆಯದು ನಮ್ಮ ನಾಲಿಗೆ. ‘ಮೆಂಟಲ್’, ‘ನಿಮ್ಹಾನ್ಸ್‌ಗೆ ಸೇರಿಸಬೇಕು ಇವನನ್ನ’ ಎಂಬ ಮಾತುಗಳು ನಮ್ಮ ತರಗತಿಗಳಲ್ಲಿ, ದುಃಖದ ಸಂಗತಿ ಎಂದರೆ ಸ್ಟಾಫ್ ರೂಮಿನಲ್ಲೂ, ಕೇಳುತ್ತವೆ. ಯಾರ ಕಿವಿಗೆ ಅದು ಹೇಗೆ ಬೀಳುತ್ತದೆಂದು ಹೇಳುವವರಿಗೆ ಗೊತ್ತಿರುವುದಿಲ್ಲ. ನನಗೆ ಗೊತ್ತು.

ಇದನ್ನೆಲ್ಲ ಬರೆದು ಮಕ್ಕಳ ತಲೆಗೆ ಇಲ್ಲದ ಹುಳ ಬಿಡುತ್ತೀರಿ ಎಂದು ಕೆಲವರು ಆಕ್ಷೇಪಿಸುವುದು ಖಂಡಿತ. ಮಾತ್ರೆ ತೆಗೆದುಕೊಳ್ಳದವರಿಗೆ ಇದು ಬರೀ ಒಂದು ಪಾಠ. ತೆಗೆದುಕೊಳ್ಳುವವರ ತಲೆಯಲ್ಲಿ ಆ ಹುಳ ಆಗಲೇ ಇದೆ, ಅದಕ್ಕೆ ಉತ್ತರ ಕೊಡುವವರು ಮಾತ್ರ ಇಲ್ಲ.

ಕೊನೆಯದಾಗಿ, ಈಗ ಮಾತ್ರೆ ತೆಗೆದುಕೊಳ್ಳುತ್ತಿರುವ, ಬಿಡಬೇಕೆಂದು ಯೋಚಿಸುತ್ತಿರುವ ನನ್ನ ವಿದ್ಯಾರ್ಥಿಗಳಿಗೆ. ಬಿಡಬೇಕೆಂದು ಬಯಸುವುದು ತಪ್ಪಲ್ಲ, ಅದನ್ನು ವೈದ್ಯರಿಗೆ ಹೇಳಿ. ವಾರ್ಷಿಕ ಪರೀಕ್ಷೆಯ ತಿಂಗಳುಗಳಲ್ಲಿ ಶುರು ಮಾಡಬೇಡಿ, ಪರೀಕ್ಷೆ ಮುಗಿದು ಮನಸ್ಸು ಹಗುರಾದ ಮೇಲೆ ಮಾಡಿ. ಮನೆಯಲ್ಲಿ ಒಬ್ಬರಿಗಾದರೂ, ಅಮ್ಮಿಗೋ ಅಣ್ಣನಿಗೋ ಅಕ್ಕನಿಗೋ, ಇಂಥ ದಿನದಿಂದ ಪ್ರಮಾಣ ಇಳಿಸುತ್ತಿದ್ದೇನೆ, ನನ್ನ ಮೇಲೆ ಒಂದು ಕಣ್ಣಿಡಿ ಎಂದು ಹೇಳಿ. ನಿಮ್ಮ ವಯಸ್ಸಿನಲ್ಲಿ ಪ್ರಮಾಣ ಏರಿಸುವಾಗಲೂ ಇಳಿಸುವಾಗಲೂ ಹೀಗೆ ಗಮನಿಸುವವರು ಪಕ್ಕದಲ್ಲಿರಬೇಕು. ಮಾತ್ರೆ ಖಾಲಿಯಾಗುವ ಮೊದಲೇ ತಂದಿಟ್ಟುಕೊಳ್ಳಿ, ಹಬ್ಬಕ್ಕೆ ಊರಿಗೆ ಹೋಗುವಾಗ ಮರೆಯಬೇಡಿ. ಖಾಸಗಿ ವೈದ್ಯರ ಫೀಸು ಕಷ್ಟವಾದರೆ ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ವಿಭಾಗವಿದೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೂ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಎಂದು ವಿಚಾರಿಸಿ.

ರಾತ್ರಿ ಹೊತ್ತಲ್ಲಿ ತಡೆಯಲಾರದಷ್ಟು ಕಷ್ಟವಾದರೆ, ಬದುಕುವುದೇ ಬೇಡ ಎನಿಸಿದರೆ, ಬೆಳಗಾಗಲಿ ಎಂದು ಕಾಯಬೇಡಿ. ಪಕ್ಕದವರನ್ನು ಎಬ್ಬಿಸಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಇರುತ್ತದೆ, ಕರೆ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಆ ನಂಬರನ್ನು ಈ ಪುಟ ಮಡಚುವ ಮೊದಲೇ ಮೊಬೈಲಿನಲ್ಲಿ ಸೇವ್ ಮಾಡಿಕೊಳ್ಳಿ. ನಿಮಗೆ ಬೇಕಾಗದಿದ್ದರೆ ನಿಮ್ಮ ಬೆಂಚಿನಲ್ಲಿ ಕೂತವರಿಗೆ ಬೇಕಾದೀತು. ನನ್ನೊಂದಿಗೆ ಮಾತಾಡಬೇಕೆನಿಸಿದರೆ ಮಧ್ಯಾಹ್ನದ ಬಿಡುವಿನಲ್ಲಿ ಕೆಮಿಸ್ಟ್ರಿ ಲ್ಯಾಬಿಗೆ ಬನ್ನಿ. ಚೀಟಿ ಬರೆಯುವ ಅರ್ಹತೆ ನನಗಿಲ್ಲ. ಕೂತು ಕೇಳಬಲ್ಲೆ, ಬೇಕಾದರೆ ಆಸ್ಪತ್ರೆಗೆ ಜೊತೆಗೆ ಬರಬಲ್ಲೆ.